ಯಾವ ಕೈ?

ಕ್ಯಾಥ್ ಲ್ಯಾಬಿನ ಚಳಿಗೆ ಮಾಗಿ ಬರಬೇಕಾಗಿಲ್ಲ. ಯಂತ್ರಗಳು ಬಿಸಿಯಾಗಬಾರದೆಂದು ಎಸಿ ಓಡುತ್ತಲೇ ಇರುತ್ತದೆ. ಮನುಷ್ಯರಿಗೆ ಕಂಬಳಿ ಇದೆಯಲ್ಲ! ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅಂಥ ಕಂಬಳಿ ಹೊದ್ದು ಮಲಗಿದ್ದವರು ಚಿಂತಾಮಣಿ ಕಡೆಯ 68ರ ಯಜಮಾನರು. ಹಿಪ್ಪುನೇರಳೆ ತೋಟ, ಎರಡು ಹಸು, ಈಚೆಗೆ ಬಿಟ್ಟ ಬೀಡಿ. ನಾಲ್ಕು ಬಗೆಯ ಮಾತ್ರೆ ನುಂಗಿದರೂ ಬಿಪಿ ಜಗ್ಗದು. ಎರಡು ಸಲ ನಡುರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿ, ಉಸಿರು ಕಟ್ಟಿ ಐಸಿಯು ಸೇರಿದ್ದರು. ನೋಡಿದರೆ, ಎರಡೂ ಕಿಡ್ನಿಗಳಿಗೆ ರಕ್ತ ಒಯ್ಯುವ ನಾಳಗಳು ಬುಡದಲ್ಲೇ ಸಣ್ಣಗಾಗಿವೆ.

ರಕ್ತ ಸಾಲದ ಕಿಡ್ನಿ, ಮೈಯ ಬಿಪಿಯೇ ಬಿದ್ದುಹೋಯಿತೆಂದು ತಪ್ಪು ತಿಳಿದು ರೆನಿನ್ ಎಂಬ ಕಿಣ್ವ ಸುರಿಸುತ್ತದೆ; ಇದ್ದ ಬಿಪಿ ಇನ್ನೂ ಏರುತ್ತದೆ. ನಾಯಿಗಳ ಕಿಡ್ನಿ ನಾಳವನ್ನು ಬಿಗಿದು ಬಿಪಿ ಏರುವುದನ್ನು ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲೇ ತೋರಿಸಿದ್ದರು. ಹಾಗೆಂದು ನಾಳ ಸಣ್ಣಗಿರುವವರಿಗೆಲ್ಲ ಸ್ಟೆಂಟ್ ಹಾಕಬೇಕಿಲ್ಲ. 947 ಜನರನ್ನು ಸೇರಿಸಿಕೊಂಡ ‘ಕೋರಲ್’ ಅಧ್ಯಯನದಲ್ಲಿ, ಬರೀ ಔಷಧಿಯಲ್ಲಿದ್ದವರಿಗಿಂತ ಸ್ಟೆಂಟ್ ಹಾಕಿಸಿಕೊಂಡವರಿಗೆ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ. ಆದರೆ ಹೀಗೆ ರಾತ್ರೋರಾತ್ರಿ ಉಸಿರು ಕಟ್ಟುವವರ ಮಾತೇ ಬೇರೆ.

ಸ್ಟೆಂಟನ್ನು ಯಾವ ದಾರಿಯಿಂದ ಒಯ್ಯುವುದೆಂದು ಹಿಂದಿನ ಸಂಜೆ ಹೃದಯದ ಡಾಕ್ಟರಿಗೂ ಕಿಡ್ನಿ ಡಾಕ್ಟರಿಗೂ ಸಣ್ಣ ಜಟಾಪಟಿ ನಡೆದಿತ್ತು. ತೊಡೆಸಂದಿಯಿಂದ ಹೋಗುವುದು ಹಳೆಯ ರೂಢಿ. 1978ರಲ್ಲಿ ಗ್ರುಂಟ್ಜಿಗ್ ಕಿಡ್ನಿ ನಾಳದ ಬಲೂನ್ ಚಿಕಿತ್ಸೆಯನ್ನು ಲೋಕಕ್ಕೆ ತಿಳಿಸಿದಾಗಿನಿಂದ ಸವೆದ ಹಾದಿ. ಬೀಡಿಯ ದೆಸೆಯಿಂದ ಯಜಮಾನರ ಎರಡೂ ಕಾಲಿನ ನಾಳಗಳು ಗಟ್ಟಿಕಟ್ಟಿದ್ದವು. ಹಾಗಾಗಿ ಮಣಿಕಟ್ಟು. ಹೃದಯದವರು 1989ರಲ್ಲಿ ಮಾಂಟ್ರಿಯಲ್‌ನ ಕ್ಯಾಂಪೋ ತೋರಿಸಿದ ಮೇಲೆ ಹಿಡಿದ ದಾರಿ ಇದು. ಕೆಳಗಿನ ಅಂಗಗಳಿಗೆ ಎಡಗೈಯೇ ಹತ್ತಿರ.

“ಎಡಗೈ ಮುಟ್ಟಬೇಡಿ,” ಎಂದರು ಕಿಡ್ನಿ ಡಾಕ್ಟರು.

ಅವರ ಲೆಕ್ಕ ಬೇರೆ. ನಾಳೆ ಡಯಾಲಿಸಿಸ್ ಬೇಕಾದರೆ ಫಿಸ್ಟುಲಾ ಮಾಡುವುದು ಎಡ ಮಣಿಕಟ್ಟಿನಲ್ಲೇ, ಅಲ್ಲಿನ ನಾಳವನ್ನು ಪಕ್ಕದ ಸಿರೆಗೆ ಜೋಡಿಸಿ. ತೂರುನಳಿಗೆ (ಕ್ಯಾಥೆಟರ್) ಹೋಗಿಬಂದ ಮೇಲೆ ಕೆಲವರಲ್ಲಿ ನಾಳ ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಕಿಡ್ನಿ ಉಳಿಸಲು ಹೋಗಿ, ಕಿಡ್ನಿ ಕೈಕೊಟ್ಟ ದಿನಕ್ಕೆ ಬೇಕಾದ ಕೈಯನ್ನೇ ಕಳೆದುಕೊಳ್ಳುವುದೇ? ನನಗೂ ಅವರ ಮಾತೇ ಸರಿ ಅನ್ನಿಸಿತು. ಕೊನೆಗೆ ಬಲಗೈ ಎಂದಾಯಿತು. ಬಲದಿಂದ ದಾರಿ ತುಸು ದೂರ, ಮಿದುಳಿಗೆ ಹೋಗುವ ನಾಳಗಳ ಬಾಯಿಯನ್ನೂ ಹಾದು ಹೋಗಬೇಕು. ಆಳೆತ್ತರದವರಾಗಿದ್ದರೆ 125 ಸೆಂಟಿಮೀಟರಿನ ನಳಿಗೆಯೂ ಸಾಲದೆ ಹೋದೀತು. ಯಜಮಾನರು ಐದಡಿ ಎರಡಂಗುಲ.

ಬಲಗೈಯನ್ನು ಅಂಗಾತ ಇಟ್ಟು, ಮಣಿಕಟ್ಟಿನಡಿ ಸುತ್ತಿದ ಟವೆಲು ಕೊಟ್ಟರು. ಕೆಂಗಂದು ಔಷಧ ಬಳಿದ ಚರ್ಮದಡಿ ನಾಡಿ ಮಿಡಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ಮರಗಟ್ಟಿಸುವ ಮದ್ದು ಕಡಲೆಕಾಳಿನಷ್ಟು ಉಬ್ಬಿತು. ಸೂಜಿ ಇಳಿಯಿತು, ಅದರ ಹಿಂಬದಿಯಿಂದ ಕೆಂಪು ಹನಿಯೊಂದು ನಾಡಿಯ ತಾಳಕ್ಕೇ ಪುಟಿಯಿತು. ತೆಳ್ಳನೆಯ ತಂತಿ ಜಾರಿತು, ತಂತಿಯ ಮೇಲೆ 2 ಮಿಲಿಮೀಟರಿನ ಕೊಳವೆ. ನಾಳವೂ ಹೆಚ್ಚುಕಡಿಮೆ ಅಷ್ಟೇ ಅಗಲ. ಗಾಬರಿಯಾದರೆ ಅದು ಸೆಟೆದು ನಳಿಗೆಯನ್ನು ಕಚ್ಚಿಹಿಡಿಯುತ್ತದೆ. ಅದಕ್ಕೇ ಮೊದಲು ನೈಟ್ರೋಗ್ಲಿಸರಿನ್, ಹೆಪಾರಿನ್.

“ಏನ್ ಯಜಮಾನ್ರೇ, ಉರಿ ಇದೆಯಾ?”

“ಒಳಗೇನೋ ಜಗ್ದಂಗಾಯ್ತದೆ ಸಾರ್.”

ಪರದೆಯ ಮೇಲೆ ನಳಿಗೆ ಭುಜ ದಾಟಿ, ಮಹಾಧಮನಿಯಲ್ಲಿ ಕೆಳಗಿಳಿಯಿತು. ಮಣಿಕಟ್ಟಿನ ದಾರಿಯ ಸೊಗಸು ಕಂಡದ್ದು ಇಲ್ಲೇ. ಕಿಡ್ನಿಯ ನಾಳಗಳು ಹಲವರಲ್ಲಿ ಮಹಾಧಮನಿಯಿಂದ ತೆಂಗಿನ ಜೋತ ಗರಿಯ ಹಾಗೆ ಕೆಳಮುಖವಾಗಿ ಬಾಗಿರುತ್ತವೆ. ಕೆಳಗಿನಿಂದ ಬಂದವನು ಏರಿ, ತಿರುಗಿ ಮತ್ತೆ ಇಳಿಯಬೇಕು. ಮೇಲಿನಿಂದ ಬಂದವನು ಸುಮ್ಮನೆ ಜಾರಿದರೆ ಸಾಕು. ತುದಿ ಎಡಗಡೆಯ ನಾಳದ ಬಾಯಿಗೆ ಹೋಗಿ ಕೂತಿತು. ನಾಳ ಪರದೆಯಲ್ಲಿ ಕಾಣಲೆಂದು ಬಿಡುವ ಡೈಯೂ ಕಿಡ್ನಿಗೆ ಹಿತವಲ್ಲದ್ದು; ಜಿಪುಣನ ಮನೆಯ ತುಪ್ಪದಂತೆ ಹನಿಸಿದರು. ಬಲೂನಿನ ಮೇಲೆ ಮಡಚಿದ್ದ ಸ್ಟೆಂಟ್ ಅರಳಿತು, 6 ಮಿಲಿಮೀಟರು. ಕಿಡ್ನಿಯ ನೆರಳು ಬುಡದಿಂದ ಅಂಚಿನವರೆಗೆ ಕಪ್ಪಾಗಿ ತುಂಬಿ ನಿಂತಿತು. ಬಲಗಡೆಯದೂ ತಡವಾಗಲಿಲ್ಲ.

ಮಣಿಕಟ್ಟಿಗೆ ಪಾರದರ್ಶಕ ಪಟ್ಟಿ ಕಟ್ಟಿ, ಸಿರಿಂಜಿನಿಂದ ಗಾಳಿ ತುಂಬಿದರು. ರಕ್ತ ನಿಲ್ಲಬೇಕು, ನಾಳ ಮುಚ್ಚಬಾರದು. ಆ ಹದ ಸಿಗುವವರೆಗೆ ಸಿಸ್ಟರ್ ಚೂರುಚೂರೇ ಗಾಳಿ ಬಿಟ್ಟು ನೋಡಿದರು. ತೊಡೆಸಂದಿಯಾಗಿದ್ದರೆ ಗಂಟೆಗಟ್ಟಲೆ ಕಾಲು ನೀಡಿ ಅಲುಗಾಡದೆ ಮಲಗಬೇಕಿತ್ತು, ಬೆಡ್‌ಪ್ಯಾನ್ ಬೇರೆ. ಯಜಮಾನರು ಸ್ವಲ್ಪ ಹೊತ್ತಿಗೆ ಎದ್ದು ತಾವೇ ಬಾತ್‌ರೂಮಿಗೆ ಹೋಗಿ ಬಂದು, ಎಡಗೈಯಲ್ಲಿ ಲೋಟ ಹಿಡಿದು ಕಾಫಿ ಕುಡಿದರು.

“ಕೆಲವು ದಿನ ಈ ಕೈಯಲ್ಲಿ ಬಕೆಟ್ ಎತ್ತಬೇಡಿ, ಭಾರ ಹೊರಬೇಡಿ,” ಎಂದರು ಸಿಸ್ಟರ್.

“ಹಸ ಯಾರಮ್ಮ ಕರೆಯೋದು?”

ಸ್ಟೂಲಿನ ಮೇಲೆ ಕೂತು ಕಿತ್ತಲೆ ಸುಲಿಯುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ.

“ಇಷ್ಟ್ ದಿನ ಯಾರ್ ಕರೀತಿದ್ರಂತೆ?”