ವಿದೇಶದಲ್ಲಿ ದೀರ್ಘ ವಾಸ: ಕಾರು ಕೊಳ್ಳುವುದೋ, ಬಾಡಿಗೆಗೆ ಪಡೆಯುವುದೋ?

ಉದ್ಯಮದ ಹೊಣೆಯನ್ನು ಕೆಲಕಾಲ ಮುಂದಿನ ಪೀಳಿಗೆಗೆ ವಹಿಸಿ, ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಯಲ್ಲಿ ನಾಲ್ಕೈದು ತಿಂಗಳು ಕಳೆದುಬರುವ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಇಂದು ನಮ್ಮ ನಡುವೆ ಅಪರೂಪವೇನಲ್ಲ. ಸಂದರ್ಶಕರ ಬಿ-2 ವೀಸಾದ ಮೇಲೆ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗಿನ ವಾಸ್ತವ್ಯಕ್ಕೆ ಅನುಮತಿ ದೊರೆಯುತ್ತದೆ. ಆದರೆ ಅಲ್ಲಿನ ಬಹುತೇಕ ಬಡಾವಣೆಗಳಲ್ಲಿ ಸ್ವಂತ ವಾಹನವಿಲ್ಲದೆ ದಿನಸಿ ತರುವುದೂ ಕಷ್ಟ. ಆಗ ಉದ್ಭವಿಸುವ ಪ್ರಶ್ನೆಯೇ ಈ ಲೇಖನದ ವಿಷಯ.

ಇಷ್ಟು ದೀರ್ಘ ಅವಧಿಗೆ ಬಾಡಿಗೆ ತೆರುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಳೆಯ ಕಾರೊಂದನ್ನು ಕೊಂಡು ಹೊರಡುವಾಗ ಮಾರಿದರೆ ಹಣ ಹಿಂದಿರುಗುತ್ತದೆ ಎಂಬುದು ವ್ಯಾಪಾರಿ ಮನಸ್ಸಿಗೆ ಸಹಜವಾಗಿ ತೋಚುವ ವಾದ. ಈ ವಾದದಲ್ಲಿ ತಥ್ಯವಿದೆ, ಆದರೆ ಪೂರ್ಣ ತಥ್ಯವಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ನಿಯಮಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸೋಣ. ವಾಹನ ನೋಂದಣಿ, ತೆರಿಗೆ ಮತ್ತು ವಿಮೆಯ ನಿಯಮಗಳು ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿರುವುದರಿಂದ ಇತರ ರಾಜ್ಯಗಳಿಗೆ ಹೋಗುವವರು ಆಯಾ ರಾಜ್ಯದ ನಿಯಮಗಳನ್ನು ಪ್ರತ್ಯೇಕವಾಗಿ ತಿಳಿದುಕೊಳ್ಳತಕ್ಕದ್ದು.

ಕೊಳ್ಳುವಾಗ ತಗಲುವ ವೆಚ್ಚಗಳು

ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆಯನ್ನು ಮೊದಲ ನೋಂದಣಿಯ ಸಮಯದಲ್ಲೇ ಪಾವತಿಸಲಾಗುತ್ತದೆ. ರಾಜ್ಯದೊಳಗೆ ಅದೇ ಕಾರನ್ನು ಹಳೆಯದಾಗಿ ಕೊಳ್ಳುವವನು ಆ ತೆರಿಗೆಯನ್ನು ಮತ್ತೆ ಕಟ್ಟಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಹಳೆಯ ಕಾರನ್ನು ಡೀಲರನಿಂದ ಕೊಂಡರೆ ಮಾರಾಟ ತೆರಿಗೆ, ಖಾಸಗಿ ವ್ಯಕ್ತಿಯಿಂದ ಕೊಂಡರೆ ಯೂಸ್ ಟ್ಯಾಕ್ಸ್ ಎಂಬ ತೆರಿಗೆಯನ್ನು ಕೊಂಡವನೇ ತೆರಬೇಕು. ಇದರ ಮೂಲ ದರ ಶೇ. 7.25; ಸ್ಥಳೀಯ ತೆರಿಗೆ ಸೇರಿ ಅನೇಕ ಊರುಗಳಲ್ಲಿ ಇದಕ್ಕಿಂತ ಹೆಚ್ಚು. ಕಾರನ್ನು ಮರಳಿ ಮಾರುವಾಗ ಈ ಹಣ ವಾಪಸು ಬರುವುದಿಲ್ಲ. ಇನ್‌ಪುಟ್ ತೆರಿಗೆ ಜಮೆಯಂಥ ಸೌಲಭ್ಯವೂ ಇಲ್ಲಿಲ್ಲ.

ಒಡೆತನದ ವರ್ಗಾವಣೆಯನ್ನು 10 ದಿನಗಳೊಳಗೆ ಅಲ್ಲಿನ ಮೋಟಾರು ವಾಹನ ಇಲಾಖೆಯಲ್ಲಿ ಮಾಡಿಸಿಕೊಳ್ಳಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೊಗೆ ತಪಾಸಣೆಯ ಪ್ರಮಾಣಪತ್ರ ಒದಗಿಸುವುದು ಮಾರುವವನ ಹೊಣೆ. ಅಂದರೆ ಐದು ತಿಂಗಳ ಬಳಿಕ ಅದು ನಿಮ್ಮ ಹೊಣೆಯಾಗುತ್ತದೆ. ಒಡೆತನದ ಪತ್ರ ಮಾರುವವನ ಹೆಸರಿನಲ್ಲೇ ಇದೆಯೇ, ಅದರ ಮೇಲೆ ಸಾಲದ ಬಾಧ್ಯತೆ ಉಂಟೇ, ದೊಡ್ಡ ಅಪಘಾತದ ನಂತರ ದುರಸ್ತಿಯಾದ ವಾಹನವೇ ಎಂಬುದನ್ನು ನೋಡಿಯೇ ಹಣ ಕೊಡುವುದು ಒಳಿತು.

ಒಂದು ಮಾದರಿ ಲೆಕ್ಕ

ಕೆಳಗಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ಓದುಗರು ತಮ್ಮ ಊರಿನ ದರಗಳನ್ನು ಇವುಗಳ ಸ್ಥಾನದಲ್ಲಿ ಇಟ್ಟು ನೋಡತಕ್ಕದ್ದು. ವಾಸದ ಅವಧಿ 5 ತಿಂಗಳು, ಕಾರಿನ ಬೆಲೆ 12,000 ಡಾಲರ್ ಎಂದಿಟ್ಟುಕೊಳ್ಳೋಣ.

ಒಂದೇ ಬಾರಿ ತಗಲುವ ವೆಚ್ಚ:
ತೆರಿಗೆ (ಶೇ. 9ರಂತೆ) — 1,080 ಡಾಲರ್
ನೋಂದಣಿ ಹಾಗೂ ವರ್ಗಾವಣೆ ಶುಲ್ಕ — 300
ಮೆಕ್ಯಾನಿಕ್‌ನಿಂದ ತಪಾಸಣೆ — 150
ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರ — 1,200
ಒಟ್ಟು — 2,730 ಡಾಲರ್

ಪ್ರತಿ ತಿಂಗಳ ವೆಚ್ಚ:
ವಿಮೆ — 200 ಡಾಲರ್
ನಿರ್ವಹಣೆ — 80
ಸವಕಳಿ — 100
ಒಟ್ಟು — 380 ಡಾಲರ್

ಹೀಗೆ ಐದು ತಿಂಗಳಿಗೆ 2,730ಕ್ಕೆ 1,900 ಸೇರಿ ಒಟ್ಟು 4,630 ಡಾಲರ್ ಆಗುತ್ತದೆ. ತೆರಿಗೆ ಹಾಗೂ ವಿಮೆ ಸೇರಿ ಬಾಡಿಗೆ ತಿಂಗಳಿಗೆ 1,400 ಡಾಲರ್ ಎಂದು ಹಿಡಿದರೆ ಐದು ತಿಂಗಳಿಗೆ 7,000 ಡಾಲರ್. ಪೆಟ್ರೋಲ್ ವೆಚ್ಚ ಎರಡರಲ್ಲೂ ಒಂದೇ ಆದುದರಿಂದ ಅದನ್ನು ಕೈಬಿಡಲಾಗಿದೆ. ಒಂದೇ ಬಾರಿಯ ವೆಚ್ಚವಾದ 2,730ನ್ನು ತಿಂಗಳ ಉಳಿತಾಯವಾದ 1,020ರಿಂದ ಭಾಗಿಸಿದರೆ ಸರಿಸುಮಾರು 2.7 ತಿಂಗಳು ಬರುತ್ತದೆ. ಈ ಲೆಕ್ಕದಂತೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವವರಿಗೆ ಕೊಳ್ಳುವುದೇ ಲಾಭದಾಯಕವೆಂದು ತೋರುತ್ತದೆ.

ಲೆಕ್ಕದಲ್ಲಿ ಅಡಗಿರುವ ದೋಷ

ಮೇಲಿನ ಲೆಕ್ಕವು ಕಾರು ಐದು ತಿಂಗಳೂ ಬೇಕು ಎಂದು ಭಾವಿಸಿದೆ. ನಿಜವಾಗಿ ವಿಚಾರಿಸಬೇಕಾದದ್ದು ಇದನ್ನೇ. ಸ್ವಂತ ಕಾರಿನ ವೆಚ್ಚವು ಅದು ನಿಂತಿದ್ದರೂ ಓಡುತ್ತಿರುತ್ತದೆ. ಬಾಡಿಗೆ ಕಾರಿನ ವೆಚ್ಚವು ಅದನ್ನು ಹಿಂದಿರುಗಿಸಿದ ದಿನ ನಿಲ್ಲುತ್ತದೆ. ಶನಿವಾರ, ಭಾನುವಾರಗಳಲ್ಲಿ ಮಕ್ಕಳೇ ಕರೆದೊಯ್ಯುತ್ತಾರೆ. ಕೆಲವು ವಾರ ಬೇರೆ ಊರಿನ ಬಂಧುಗಳಲ್ಲಿಗೆ ವಿಮಾನದಲ್ಲಿ ಹೋಗುವುದುಂಟು. ಚಳಿ, ಅನಾರೋಗ್ಯಗಳಿಂದ ಮನೆಯಲ್ಲೇ ಉಳಿಯುವ ದಿನಗಳೂ ಉಂಟು. ಐದು ತಿಂಗಳಲ್ಲಿ ಒಟ್ಟು ಎರಡು ತಿಂಗಳು ಮಾತ್ರ ಕಾರು ಬೇಕಾಗುವುದಾದರೆ ಬಾಡಿಗೆ 2,800 ಡಾಲರ್‌ಗೆ ಮುಗಿಯುತ್ತದೆ, ಕೊಂಡವನಿಗೆ 4,630 ಡಾಲರ್ ತಪ್ಪುವುದಿಲ್ಲ. 4,630ನ್ನು 1,400ರಿಂದ ಭಾಗಿಸಿದರೆ ಸುಮಾರು 3.3 ತಿಂಗಳು, ಅಂದರೆ 99 ದಿನ. 150 ದಿನಗಳ ವಾಸದಲ್ಲಿ 99 ದಿನಗಳಿಗಿಂತ ಕಡಿಮೆ ದಿನ ಕಾರು ಬೇಕಾಗುವವನಿಗೆ ಬಾಡಿಗೆಯೇ ಮೇಲು. ದಿನಗಳನ್ನು ಬಿಡಿಬಿಡಿಯಾಗಿ ಪಡೆದರೆ ದಿನದ ದರ ತಿಂಗಳ ದರಕ್ಕಿಂತ ಹೆಚ್ಚಿರುವುದರಿಂದ, ಬಳಕೆಯನ್ನು ಕೆಲವು ವಾರಗಳಿಗೆ ಒಟ್ಟುಗೂಡಿಸಿಕೊಳ್ಳುವುದು ಜಾಣತನ. ಆದುದರಿಂದ ಎಣಿಸಬೇಕಾದದ್ದು ವಾಸದ ದಿನಗಳನ್ನಲ್ಲ, ಬಳಕೆಯ ದಿನಗಳನ್ನು.

ಮಾರಾಟದ ಅನಿಶ್ಚಿತತೆ

ಅಂಗಡಿ ತೆರವು ಮಾಡಬೇಕಾದ ದಿನ ಹತ್ತಿರವಾದಂತೆ ದಾಸ್ತಾನಿನ ಬೆಲೆ ಇಳಿಯುವುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ. ವೀಸಾದ ಗಡುವು ಮತ್ತು ವಿಮಾನದ ಟಿಕೆಟ್ಟು ನಿಗದಿಯಾಗಿರುವ ಮಾರಾಟಗಾರನ ಸ್ಥಿತಿ ಅದೇ. ಮಾದರಿ ಲೆಕ್ಕದಲ್ಲಿ ಕಾರು 10,300 ಡಾಲರ್‌ಗೆ ಮಾರಾಟವಾಗುತ್ತದೆಂದು ಭಾವಿಸಲಾಗಿದೆ. ಕೊನೆಯ ವಾರದಲ್ಲಿ ಡೀಲರನಿಗೆ 8,500ಕ್ಕೆ ಒಪ್ಪಿಸಬೇಕಾಗಿ ಬಂದರೆ ಒಟ್ಟು ವೆಚ್ಚ 6,430 ಡಾಲರ್‌ಗೆ ಏರುತ್ತದೆ. ಐದೂ ತಿಂಗಳ ಬಾಡಿಗೆಗೆ ಹೋಲಿಸಿದರೂ ಉಳಿತಾಯ 570 ಡಾಲರ್ ಮಾತ್ರ. ಅವಸರವೇ ಅಪಘಾತಕ್ಕೆ ಕಾರಣವೆಂದು ನಮ್ಮ ರಸ್ತೆ ಬದಿಯ ಫಲಕಗಳು ಸಾರುವ ಮಾತು ಮಾರಾಟಕ್ಕೂ ಅನ್ವಯಿಸುತ್ತದೆ. ಹೊರಡುವ ಕನಿಷ್ಠ ನಾಲ್ಕು ವಾರ ಮೊದಲೇ ಮಾರಾಟ ಆರಂಭಿಸಬೇಕು. ಮಾರಿದ 5 ದಿನಗಳೊಳಗೆ ಇಲಾಖೆಗೆ ಮಾರಾಟದ ತಿಳಿವಳಿಕೆ ಸಲ್ಲಿಸಬೇಕು; ಇಲ್ಲವಾದರೆ ಹೊಸ ಮಾಲೀಕನ ಪಾರ್ಕಿಂಗ್ ದಂಡದ ನೋಟೀಸು ನಿಮ್ಮ ಹೆಸರಿಗೇ ಬರಬಹುದು.

ಕಾರನ್ನು ಮಾರದೆ ಮಗನಿಗೋ ಮಗಳಿಗೋ ಬಿಟ್ಟುಬರುವ ದಾರಿಯೂ ಇದೆ. ತಂದೆ-ತಾಯಿಯಿಂದ ಮಕ್ಕಳಿಗೆ ಆಗುವ ವರ್ಗಾವಣೆಗೆ ಕ್ಯಾಲಿಫೋರ್ನಿಯಾದಲ್ಲಿ ಯೂಸ್ ಟ್ಯಾಕ್ಸ್ ವಿನಾಯಿತಿ ಇದೆ. ಅಮೆರಿಕದ ನಿವಾಸಿಯಲ್ಲದವರು ಅಲ್ಲಿರುವ ವಸ್ತುವನ್ನು ದಾನ ಮಾಡಿದರೂ ಅಲ್ಲಿನ ದಾನ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಆದರೆ 2025ರಲ್ಲಿ ಒಬ್ಬ ವ್ಯಕ್ತಿಗೆ 19,000 ಡಾಲರ್‌ವರೆಗಿನ ದಾನ ತೆರಿಗೆಮುಕ್ತವಾಗಿತ್ತಾದ್ದರಿಂದ ಸಾಧಾರಣ ಹಳೆಯ ಕಾರಿಗೆ ಇದು ತೊಡಕಾಗದು. ಮನೆಗೆ ಹೇಗೂ ಎರಡನೆಯ ಕಾರು ಬೇಕಾಗಿದ್ದರೆ ಕೊಳ್ಳುವುದರ ಪರವಾಗಿ ಇದಕ್ಕಿಂತ ಬಲವಾದ ಕಾರಣ ಬೇರಿಲ್ಲ.

ವಿಮೆ: ಉಳಿತಾಯ ಮಾಡಬಾರದ ಬಾಬತ್ತು

ನಮ್ಮ ದೇಶದಲ್ಲಿ ಮೂರನೆಯ ವ್ಯಕ್ತಿಯ ಸಾವು-ನೋವಿಗೆ ಸಂಬಂಧಿಸಿದಂತೆ ಕಡ್ಡಾಯ ವಿಮೆಯ ಹೊಣೆಗೆ ಮೊತ್ತದ ಮಿತಿಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೀವು ಕೊಂಡಷ್ಟೇ ರಕ್ಷಣೆ. ಅಲ್ಲಿನ ಕನಿಷ್ಠ ಮೊತ್ತವನ್ನು 2025ರ ಜನವರಿ 1ರಿಂದ ಹೆಚ್ಚಿಸಲಾಗಿದ್ದು, ಗಾಯಗೊಂಡ ಒಬ್ಬ ವ್ಯಕ್ತಿಗೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000 ಡಾಲರ್, ಆಸ್ತಿ ನಷ್ಟಕ್ಕೆ 15,000 ಡಾಲರ್ ಎಂದು ನಿಗದಿಯಾಗಿದೆ. ಅಲ್ಲಿನ ಆಸ್ಪತ್ರೆ ವೆಚ್ಚಕ್ಕೆ ಈ ಮೊತ್ತ ಬೇಗನೆ ಕರಗಿಹೋಗುತ್ತದೆ. ಮಿತಿ ಮೀರಿದ ಮೊತ್ತಕ್ಕೆ ಚಾಲಕನೇ ಹೊಣೆ; ಆ ದಾವೆಯ ನೆರಳು ಇಲ್ಲಿ ದುಡಿದು ಕೂಡಿಟ್ಟ ಆಸ್ತಿಯ ಮೇಲೆ ಬೀಳುವುದು ಯಾರಿಗೂ ಬೇಡ. ಕನಿಷ್ಠ ವಿಮೆಗೆ ತೃಪ್ತರಾಗದೆ ಹೆಚ್ಚಿನ ಮಿತಿಯ ಪಾಲಿಸಿಯನ್ನೇ ಪಡೆಯಬೇಕು. ಬಾಡಿಗೆ ದರದಲ್ಲಿ ಹೊಣೆಗಾರಿಕೆ ವಿಮೆ ಸೇರಿದೆಯೆಂದು ಭಾವಿಸಬಾರದು. ಕರಾರನ್ನು ಓದಿ, ಇಲ್ಲದಿದ್ದರೆ ಪ್ರತ್ಯೇಕವಾಗಿ ಕೊಳ್ಳಬೇಕು. ಇಲ್ಲಿಂದ ಪಡೆದೊಯ್ಯುವ ಪ್ರವಾಸ ವಿಮೆಯು ಸಾಮಾನ್ಯವಾಗಿ ವಾಹನ ಚಾಲನೆಯ ಹೊಣೆಯನ್ನು ಒಳಗೊಂಡಿರುವುದಿಲ್ಲ.

18 ವರ್ಷ ಮೀರಿದ ಸಂದರ್ಶಕರು ತಮ್ಮ ದೇಶದ ಸಿಂಧುವಾದ ಲೈಸೆನ್ಸಿನ ಮೇಲೆ ಅಲ್ಲಿ ವಾಹನ ಚಲಾಯಿಸಬಹುದು. ಇಲ್ಲಿನ ಪ್ರಾದೇಶಿಕ ಸಾರಿಗೆ ಕಚೇರಿ ನೀಡುವ, ಒಂದು ವರ್ಷ ಸಿಂಧುವಾದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಜೊತೆಗಿಟ್ಟುಕೊಂಡರೆ ಅನುಕೂಲ. ಆದರೆ ವಿದೇಶಿ ಲೈಸೆನ್ಸ್ ಇರುವವರಿಗೆ ಎಲ್ಲ ವಿಮಾ ಕಂಪನಿಗಳೂ ಪಾಲಿಸಿ ಕೊಡುವುದಿಲ್ಲ. ಆದುದರಿಂದ ಮೊದಲು ವಿಮೆಯ ದರಪಟ್ಟಿ, ಅನಂತರ ಕಾರಿನ ಆಯ್ಕೆ ಎಂಬ ಕ್ರಮವೇ ಸರಿ. ಮಕ್ಕಳ ಕಾರನ್ನೇ ಬಳಸುವುದಾದರೆ ಅವರ ಪಾಲಿಸಿಯಲ್ಲಿ ನಿಮ್ಮ ಹೆಸರನ್ನು ಚಾಲಕರಾಗಿ ಸೇರಿಸಲು ಕಂಪನಿಗೆ ಲಿಖಿತವಾಗಿ ತಿಳಿಸಬೇಕು.

ಇಲ್ಲಿನ ಕಾನೂನುಗಳ ನೋಟ

ಕಾರಿನ ಹಣವನ್ನು ಇಲ್ಲಿಂದ ಕಳುಹಿಸುವುದು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ. ಇದರ ಮಿತಿ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್. 2025ರ ಏಪ್ರಿಲ್ 1ರಿಂದ, ಶಿಕ್ಷಣ ಹಾಗೂ ಚಿಕಿತ್ಸೆಯನ್ನು ಹೊರತುಪಡಿಸಿದ ಇಂಥ ಉದ್ದೇಶಗಳಿಗೆ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿ ಕಳುಹಿಸಿದ ಮೊತ್ತದ ಮೇಲೆ ಬ್ಯಾಂಕು ಶೇ. 20ರಷ್ಟು ಟಿ.ಸಿ.ಎಸ್. ವಸೂಲು ಮಾಡುತ್ತದೆ. 12,000 ಡಾಲರ್ ಎಂದರೆ ಈಗಾಗಲೇ 10 ಲಕ್ಷ ಮೀರಿದ ಮೊತ್ತ. ಇದು ಹೊಸ ತೆರಿಗೆಯಲ್ಲ, ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೂ ಅಷ್ಟು ಹಣ ಕೆಲಕಾಲ ವ್ಯವಹಾರದಿಂದ ಹೊರಗುಳಿಯುತ್ತದೆ.

ಕಾರನ್ನು ಮಾರಿ ಬಂದ ಡಾಲರುಗಳನ್ನು ಖರ್ಚು ಮಾಡದೆ ಉಳಿಸಿಕೊಂಡು ಮರಳಿದರೆ, ಸಾಮಾನ್ಯವಾಗಿ 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಿ ರೂಪಾಯಿಗೆ ಪರಿವರ್ತಿಸಿಕೊಳ್ಳಬೇಕು. ಹೋಗುವಾಗ ಒಂದು ದರ, ಬರುವಾಗ ಇನ್ನೊಂದು ದರ. ಬ್ಯಾಂಕಿನ ಅಂತರ ಎರಡೂ ಬಾರಿ ನಿಮ್ಮ ಮೇಲೆಯೇ ಬೀಳುತ್ತದೆ. ಸ್ವಂತ ಬಳಕೆಯ ಕಾರು ಆದಾಯ ತೆರಿಗೆ ಕಾನೂನಿನಲ್ಲಿ ಬಂಡವಾಳ ಆಸ್ತಿಯಲ್ಲವಾದ್ದರಿಂದ ಅದರ ಮಾರಾಟದ ನಷ್ಟವನ್ನು ಬೇರೆ ಲಾಭದೊಂದಿಗೆ ಹೊಂದಿಸಲಾಗದು. ಅಲ್ಲಿ ಬ್ಯಾಂಕ್ ಖಾತೆ ತೆರೆದಿದ್ದರೆ, ನಿವಾಸಿ ಹಾಗೂ ಸಾಮಾನ್ಯ ನಿವಾಸಿಯಾದವರು ಅದನ್ನು ವಿವರಣಾ ಪತ್ರದ ವಿದೇಶಿ ಆಸ್ತಿಗಳ ಅನುಸೂಚಿಯಲ್ಲಿ ತೋರಿಸಲೇಬೇಕು. ಕೊಂಡರೂ ಬಾಡಿಗೆಗೆ ಪಡೆದರೂ ಈ ವೆಚ್ಚ ವೈಯಕ್ತಿಕ. ಸಂಸ್ಥೆಯ ಪ್ರವಾಸ ವೆಚ್ಚದ ಲೆಕ್ಕಕ್ಕೆ ಬರೆಯದೆ ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಖರ್ಚು ಹಾಕತಕ್ಕದ್ದು.

ಉಪಸಂಹಾರ

ಬಳಕೆಯ ದಿನಗಳು ವಾಸದ ದಿನಗಳ ಮೂರನೆಯ ಎರಡು ಭಾಗವನ್ನು ಮೀರುವುದಾದರೆ, ಅಥವಾ ಕಾರು ಕೊನೆಗೆ ಮನೆಯಲ್ಲೇ ಉಳಿಯುವುದಾದರೆ ಕೊಳ್ಳುವ ವಿಚಾರ ಮಾಡಬಹುದು. ಉಳಿದವರಿಗೆ ಬೇಕಾದ ವಾರಗಳಿಗೆ ಬಾಡಿಗೆ ಕಾರು, ಮಿಕ್ಕ ದಿನಗಳಿಗೆ ಮಕ್ಕಳ ಕಾರು ಎಂಬ ವ್ಯವಸ್ಥೆಯೇ ಮಿತವ್ಯಯದ್ದು. ವೀಸಾ ದೊರೆತ ಕೂಡಲೇ ಮಕ್ಕಳೊಂದಿಗೆ ಕುಳಿತು, ಕ್ಯಾಲೆಂಡರಿನಲ್ಲಿ ಕಾರು ಬೇಕಾಗುವ ದಿನಗಳನ್ನು ಗುರುತು ಮಾಡಿಕೊಂಡರೆ ಉತ್ತರದ ಬಹುಭಾಗ ಅಲ್ಲಿಯೇ ದೊರೆಯುತ್ತದೆ.