ಬಾಗಿಲಿಗೊಂದು ಚಿಲಕ

26 ವಾರಗಳ ಹೆರಿಗೆ ರಜೆ ಮುಗಿಸಿ ಆಫೀಸಿಗೆ ಮರಳಿದ ದಿನ ಎಲ್ಲರೂ ಕೇಳಿದ್ದು, 'ಪಾಪು ಹೇಗಿದೆ?' ನೀನು ಹೇಗಿದ್ದೀಯಾ ಅಂತ ಕೇಳಿದ್ದು ಹೌಸ್‌ಕೀಪಿಂಗ್ ಅಕ್ಕ ಒಬ್ಬರೇ. ಹನ್ನೊಂದು ಗಂಟೆಗೆಲ್ಲ ಎದೆ ಕಲ್ಲಾಗಿ ಕುರ್ತಾ ಒದ್ದೆಯಾಗಿತ್ತು. ಟಾಯ್ಲೆಟ್‌ನಲ್ಲಿ ನಿಂತು ಹಾಲು ಹಿಂಡಿ ಚೆಲ್ಲಿದೆ. ಅಷ್ಟೊತ್ತಿಗೆ ಮನೆಯಲ್ಲಿ ಮಗು ಡಬ್ಬಿ ಹಾಲು ಕುಡಿಯುತ್ತಿತ್ತು.

ಮರುದಿನ ಅಕ್ಕ ಸ್ಟೇಷನರಿ ಕೋಣೆ ತೆರೆದುಕೊಟ್ಟರು. ಚಿಲಕವಿರಲಿಲ್ಲ, ಹೊರಗೆ ತಾವೇ ಕಾವಲು ನಿಂತರು.

ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತಂತೆ! 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಅಂದಿದ್ದು 2017ರ ತಿದ್ದುಪಡಿ. ನಾವಿರೋದು ಮೂವತ್ತೇ ಜನ, ಹಾಗಾಗಿ ಆ ಮಾತು ಬಿಟ್ಟೆ. ಬಿಡುವು, ಚಿಲಕ, ಫ್ರಿಜ್‌ನಲ್ಲೊಂದು ಮೂಲೆ — ಇಷ್ಟೇ ಬರೆದು ಕೊಟ್ಟೆ. ಮ್ಯಾನೇಜರ್ ಮುಖ ಕೆಂಪಾಯ್ತು, ಸಿಟ್ಟಿನಿಂದಲ್ಲ, ಸಂಕೋಚದಿಂದ. 'ಯಾರೂ ಕೇಳಿರಲಿಲ್ಲ' ಅಂದರು. ನಿಜ, ಯಾರು ಕೇಳ್ತಾರೆ?

ಚಿಲಕ ಬರೋಕೆ ಮೂರು ವಾರ ಹಿಡೀತು. ಈಗ ಅಲ್ಲೊಂದು ಕುರ್ಚಿಯೂ ಇದೆ. ಏಳು ತಿಂಗಳ ಗರ್ಭಿಣಿ ಸಹೋದ್ಯೋಗಿ ಮೊನ್ನೆ ಅದರಲ್ಲಿ ಕೂತು, ಪೇಪರ್ ಬಂಡಲ್ ಮೇಲೆ ಊದಿದ ಕಾಲಿಟ್ಟು, ಹತ್ತು ನಿಮಿಷ ಕಣ್ಣುಮುಚ್ಚಿದ್ದಳು. ಹೊರಗೆ ಅಕ್ಕ ನೆಲ ಒರೆಸುತ್ತಿದ್ದರು, ಸದ್ದಿಲ್ಲದೆ.