ಬಸಿರಿನ ಮೊದಲ ತಿಂಗಳುಗಳಲ್ಲಿ ರಕ್ತ ಕಂಡರೆ

ಸಂಜೆ ಬೆಂಗಳೂರಿನಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲು ಬಂಗಾರಪೇಟೆ ಜಂಕ್ಷನ್‌ನಲ್ಲಿ ನಿಂತಾಗ ಇಳಿಯುವ ಜನರನ್ನು ನೀವೂ ನೋಡಿರುತ್ತೀರಿ. ಬೆಳಗಿನ ಜಾವಕ್ಕೇ ಮನೆ ಬಿಟ್ಟು, ದಿನವಿಡೀ ದುಡಿದು ಬರುವ ಹೆಣ್ಣುಮಕ್ಕಳು ಅವರಲ್ಲಿ ಬಹಳ. ಕೆಲವು ವರ್ಷಗಳ ಹಿಂದೆ ಹೀಗೆ ಇಳಿದ ಒಬ್ಬ ತಾಯಿ ಪ್ಲಾಟ್‌ಫಾರಂ ಮೇಲೆಯೇ ತಲೆಸುತ್ತಿ ಬಿದ್ದರು. ಜೊತೆಯವರು ಆಟೋದಲ್ಲಿ ನನ್ನ ಬಳಿಗೆ ಕರೆತಂದರು. ಬೆಳಗಿನಿಂದ ಹೊಟ್ಟೆನೋವು, ಊಟ ಮಾಡಿಲ್ಲ, 'ಗ್ಯಾಸ್ ಇರಬೇಕು ಡಾಕ್ಟ್ರೇ' ಎಂದರು. ಮುಟ್ಟು ಎಂಟು ದಿನ ತಡವಾಗಿತ್ತು, ಈಗ ಸ್ವಲ್ಪ ಕಾಣಿಸಿಕೊಂಡಿದೆ ಎಂದರು. ಎರಡು ಮಕ್ಕಳಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತು. ಹಾಗಾಗಿ ಬಸಿರಿನ ಮಾತು ಅವರಿಗೂ ಹೊಳೆಯಲಿಲ್ಲ, ನಿಜ ಹೇಳಬೇಕೆಂದರೆ ನನಗೂ ತಕ್ಷಣ ಹೊಳೆಯಲಿಲ್ಲ. ಗ್ಯಾಸ್ ಮಾತ್ರೆಗೆ ಚೀಟಿ ಬರೆಯಲು ಪೆನ್ನು ತೆಗೆದಿದ್ದೆ. ಆಗ ಅವರು, 'ಬಲಭುಜ ಯಾಕೋ ತುಂಬ ನೋಯುತ್ತಿದೆ' ಎಂದರು. ನಾಡಿ ಹಿಡಿದೆ, ಅದು ಓಡುತ್ತಿತ್ತು. ಮೂತ್ರದ ಪರೀಕ್ಷೆಯಲ್ಲಿ ಎರಡು ಗೆರೆ ಬಂತು. ಆ ರಾತ್ರಿಯೇ ಕೋಲಾರದಲ್ಲಿ ಅವರ ಹೊಟ್ಟೆ ತೆರೆದಾಗ ಒಳಗೆ ಒಂದೂವರೆ ಲೀಟರ್ ರಕ್ತ ಇತ್ತಂತೆ. ಬದುಕಿಕೊಂಡರು.

ಇದು ಡಿಂಬನಾಳದಲ್ಲಿ ನಿಂತ ಬಸಿರು. ಫಲಿತ ಅಂಡ ಗರ್ಭಕೋಶಕ್ಕೆ ಬಂದು ಸೇರುವ ಬದಲು ದಾರಿಯಲ್ಲೇ, ಕಿರುಬೆರಳಿಗಿಂತ ತೆಳ್ಳಗಿನ ನಾಳದಲ್ಲಿ ನೆಲೆ ಹೂಡುತ್ತದೆ. ನಾಳ ಎಷ್ಟೆಂದು ಹಿಗ್ಗೀತು? ಆರರಿಂದ ಎಂಟು ವಾರದ ಹೊತ್ತಿಗೆ ಬಿರಿಯಬಹುದು. ರಕ್ತ ಹೊರಗೆ ಕಾಣುವುದು ಒಂದೆರಡು ಚಮಚ, ಒಳಗೆ ಸೋರುವುದು ಚೊಂಬುಗಟ್ಟಲೆ. ಸೋರಿದ ರಕ್ತ ಮೇಲೇರಿ ವಪೆಯನ್ನು ಕೆಣಕುವುದರಿಂದ ನೋವು ಭುಜದ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ನೂರು ಬಸಿರಿನಲ್ಲಿ ಒಂದೆರಡು ಹೀಗಾಗುತ್ತವೆ. ಸಂತಾನಹರಣ ಚಿಕಿತ್ಸೆಯ ನಂತರ ಬಸಿರು ನಿಲ್ಲುವುದೇ ಅಪರೂಪ. ಆದರೆ ನಿಂತರೆ ಸುಮಾರು ಮೂರರಲ್ಲಿ ಒಂದು ನಾಳದಲ್ಲೇ ಇರುತ್ತದೆ. 'ಆಪರೇಷನ್ ಆಗಿದೆ' ಎಂಬ ಮಾತು ಧೈರ್ಯ ಕೊಡಬಾರದು, ಅನುಮಾನ ಹೆಚ್ಚಿಸಬೇಕು.

ಇಷ್ಟು ಓದಿ ಗಾಬರಿಯಾಗಬೇಡಿ. ಮೊದಲ ಮೂರು ತಿಂಗಳಲ್ಲಿ ಒಂದಿಷ್ಟು ರಕ್ತ ಕಾಣಿಸಿಕೊಳ್ಳುವುದು ನಾಲ್ವರಲ್ಲಿ ಒಬ್ಬರಿಗೆ ಆಗುತ್ತದೆ. ಅವರಲ್ಲಿ ಹೆಚ್ಚಿನವರ ಬಸಿರು ಮುಂದುವರಿದು ಮಗು ಆಗುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ್ದು, ಸ್ಕ್ಯಾನ್‌ನಲ್ಲಿ ಮಗುವಿನ ಎದೆಬಡಿತ ಕಂಡರೆ ಧೈರ್ಯವಾಗಿರಬಹುದು. ಹಾಗೆಂದು ವಾರಗಟ್ಟಲೆ ಹಾಸಿಗೆ ಹಿಡಿಯುವುದರಿಂದ ಬಸಿರು ಉಳಿಯುತ್ತದೆ ಎನ್ನಲು ಆಧಾರವಿಲ್ಲ. ಹಿಂದೆ ಗರ್ಭಸ್ರಾವವಾಗಿದ್ದವರಿಗೆ ಮತ್ತೆ ರಕ್ತ ಕಂಡಾಗ ಪ್ರೊಜೆಸ್ಟರಾನ್ ಮಾತ್ರೆ ಸ್ವಲ್ಪ ನೆರವಾಗುತ್ತದೆ, ಅದನ್ನು ವೈದ್ಯರು ನಿರ್ಧರಿಸಲಿ.

ಖಚಿತವಾದ ಬಸಿರುಗಳಲ್ಲೂ ನೂರಕ್ಕೆ ಹತ್ತರಿಂದ ಇಪ್ಪತ್ತು ಇಳಿದುಹೋಗುತ್ತವೆ. ಅವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ಮೊದಲ ದಿನವೇ ಲೆಕ್ಕ ತಪ್ಪಿರುತ್ತದೆ. ಆದರೆ ಮನೆಯಲ್ಲಿ ಹುಡುಕಾಟ ನಡೆಯುವುದೇ ಬೇರೆ. ಪರಂಗಿಹಣ್ಣು ತಿಂದಳೇ? ಕೊಡ ಎತ್ತಿದಳೇ? ಒಬ್ಬ ಅತ್ತೆಯಂತೂ ಬಂಗಾರಪೇಟೆಯ ಪಾನಿಪುರಿಯ ಮೇಲೆ ಅಪವಾದ ಹೊರಿಸಿದರು! ಪಾನಿಪುರಿಯಿಂದ ಭೇದಿಯಾದೀತು, ಗರ್ಭಸ್ರಾವ ಆಗುವುದಿಲ್ಲ ಎಂದೆ. ರೈಲಿನ ಪ್ರಯಾಣವೂ ಕಾರಣವಲ್ಲ.

ಹಾಗಾದರೆ ಯಾವಾಗ ಓಡಬೇಕು? ದೊಡ್ಡ ಪ್ಯಾಡ್ ಗಂಟೆಗೆ ಎರಡರಂತೆ ಎರಡು ಗಂಟೆ ನೆನೆದರೆ, ಒಂದು ಪಕ್ಕದಲ್ಲಿ ಬಿಡದ ನೋವಿದ್ದರೆ, ಭುಜ ನೋವು, ತಲೆಸುತ್ತು, ಬೆವರು ಇದ್ದರೆ, ಜ್ವರ ಚಳಿ ಅಥವಾ ದುರ್ವಾಸನೆಯ ಸ್ರಾವವಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಕಾಫಿ, ಎಳನೀರು ಕುಡಿಸಬೇಡಿ, ಶಸ್ತ್ರಚಿಕಿತ್ಸೆ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ತಾಯಿ ಕಾರ್ಡ್, ಹಳೆಯ ಸ್ಕ್ಯಾನ್ ಚೀಟಿ ತೆಗೆದುಕೊಳ್ಳಿ. ಗಡ್ಡೆಯೇನಾದರೂ ಬಿದ್ದಿದ್ದರೆ ಶುಭ್ರವಾದ ಡಬ್ಬಿಯಲ್ಲಿ ತನ್ನಿ, ಸಂಕೋಚ ಬೇಡ. ರಕ್ತ ಕೊಡಬಲ್ಲ ಇಬ್ಬರು ಜೊತೆಗೆ ಬಂದರೆ ಒಳ್ಳೆಯದು.

ಎಲ್ಲಿಗೆ ಎನ್ನುವುದು ನಮ್ಮ ಕಡೆ ದೊಡ್ಡ ಪ್ರಶ್ನೆ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಾರ್ಮಿಕರ ಸಂಸಾರಗಳಿಗೆ ಕಂಪನಿ ಆಸ್ಪತ್ರೆ ಇತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಆಸರೆಯೂ ಹೋಯಿತು. ಈಗ ಚಾಂಪಿಯನ್ ರೀಫ್ಸ್, ಊರ್ಗಾಂವ್ ಕಡೆಯವರಿಗೆ ಹತ್ತಿರದ್ದು ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ, ಬಂಗಾರಪೇಟೆಯವರಿಗೆ ತಾಲ್ಲೂಕು ಆಸ್ಪತ್ರೆ. ಒಳಗೆ ರಕ್ತ ಸೋರುತ್ತಿದ್ದರೆ ಶಸ್ತ್ರಚಿಕಿತ್ಸೆ, ಅರಿವಳಿಕೆ, ರಕ್ತ ಮೂರೂ ಒಂದೆಡೆ ಬೇಕು. ಆಗ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಅಥವಾ ಟಮಕದ ಜಾಲಪ್ಪ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ. ಆದರೂ ಮೊದಲು ಹತ್ತಿರದಲ್ಲಿ ಡ್ರಿಪ್ ಹಾಕಿಸಿ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿಯೇ ಹೊರಡಿ. ಬೆಂಗಳೂರಿಗೇ ಹೋಗೋಣವೆಂದು ಬಾಡಿಗೆ ಕಾರು ಹಿಡಿದು ಹೊಸಕೋಟೆ ಹತ್ತಿರ ವಾಹನಗಳ ನಡುವೆ ಸಿಕ್ಕಿಕೊಂಡವರನ್ನು ಬಲ್ಲೆ. ಮುಂಗಡ ಹಣವಿಲ್ಲವೆಂದು ಜೀವಾಪಾಯದಲ್ಲಿರುವವರನ್ನು ಬಾಗಿಲಿನಿಂದಲೇ ವಾಪಸ್ಸು ಕಳಿಸುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವುದು ವೈದ್ಯನ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಆಸ್ಪತ್ರೆಯಲ್ಲಿ ಮೊದಲು ನಾಡಿ, ರಕ್ತದೊತ್ತಡ ನೋಡುತ್ತಾರೆ, ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪು ಪರೀಕ್ಷಿಸುತ್ತಾರೆ. ಒಳಪರೀಕ್ಷೆಯಿಂದಾಗಲಿ, ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಿಂದಾಗಲಿ ಬಸಿರಿಗೆ ಹಾನಿಯಿಲ್ಲ, ಒಪ್ಪಿಕೊಳ್ಳಿ. ಬಸಿರು ಎಲ್ಲಿದೆಯೆಂದು ಸ್ಕ್ಯಾನ್‌ನಲ್ಲಿ ಕಾಣದಿದ್ದರೆ ರಕ್ತದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನನ್ನು ಅಳೆದು, 48 ಗಂಟೆ ಬಿಟ್ಟು ಮತ್ತೆ ಅಳೆಯುತ್ತಾರೆ. 'ಏನೂ ಕಾಣಲಿಲ್ಲ, ಎಲ್ಲ ಸರಿ' ಎಂದು ಆ ಎರಡನೆಯ ಪರೀಕ್ಷೆಗೆ ಬಾರದಿರುವವರೇ ಅಪಾಯಕ್ಕೆ ಸಿಲುಕುವುದು. ನಾಳದ ಬಸಿರು ಬಿರಿಯುವ ಮೊದಲೇ ಸಿಕ್ಕರೆ ಕೆಲವರಿಗೆ ಬರಿಯ ಚುಚ್ಚುಮದ್ದಿನಲ್ಲೇ ವಾಸಿಯಾಗುತ್ತದೆ.

ಗರ್ಭಸ್ರಾವ ಅರ್ಧಂಬರ್ಧ ಆಗಿದ್ದರೆ ದಾರಿ ಮೂರು: ಕಾದು ನೋಡುವುದು, ಮಾತ್ರೆ, ಇಲ್ಲವೇ ಹೀರಿ ತೆಗೆಯುವುದು. ಹಿಂದಿನಂತೆ ಕೆರೆದು ತೊಳೆಯುವ ಪದ್ಧತಿಗಿಂತ ಹೀರುವುದು ಸುರಕ್ಷಿತ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಕೇಳಿ.

ಮೆಡಿಕಲ್ ಶಾಪಿನಿಂದ ಗುಟ್ಟಾಗಿ ತಂದು ನುಂಗುವ ಗರ್ಭಪಾತದ ಮಾತ್ರೆಯ ಬಗ್ಗೆ ಒಂದು ಮಾತು. ಅದು ಗರ್ಭಕೋಶದೊಳಗಿನ ಬಸಿರಿಗೆ ಮಾತ್ರ, ನಾಳದಲ್ಲಿರುವುದು ಅದರಿಂದ ಹೋಗುವುದಿಲ್ಲ. ರಕ್ತ ಹೋಯಿತು, ಕೆಲಸವಾಯಿತು ಎಂದುಕೊಳ್ಳುವಾಗ ಒಳಗೆ ನಾಳ ಬಿರಿಯುತ್ತಿರಬಹುದು. ನುಂಗಿದ್ದರೆ ವೈದ್ಯರಿಗೆ ಹೇಳಿಬಿಡಿ, ಬೈದರೂ ಪರವಾಗಿಲ್ಲ.

ಸೋಂಕಿನ ವಿಷಯ ಬಂದಾಗಲೆಲ್ಲ ನನಗೆ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ನೆನಪಾಗುತ್ತದೆ. ಐರ್ಲೆಂಡಿನ ಗಾಲ್ವೇ ನಗರದಲ್ಲಿದ್ದ ಆಕೆ 2012ರ ಅಕ್ಟೋಬರ್ 21ರಂದು, 17 ವಾರದ ಬಸುರಿ, ಬೆನ್ನುನೋವೆಂದು ಆಸ್ಪತ್ರೆಗೆ ಹೋದರು. ಗರ್ಭ ಉಳಿಯದೆಂದು ತಿಳಿಯಿತು, ನೆತ್ತಿನೀರು ಒಡೆಯಿತು. ತೆಗೆದುಬಿಡಿ ಎಂದು ಕೇಳಿಕೊಂಡರೂ ಮಗುವಿನ ಎದೆಬಡಿತವಿದೆ ಎಂಬ ಕಾರಣಕ್ಕೆ ಅಲ್ಲಿನ ಕಾನೂನಿನ ಅಂಜಿಕೆಯಲ್ಲಿ ಕಾಯಿಸಿದರು. ಸೋಂಕು ರಕ್ತಕ್ಕೆ ಸೇರಿ 28ರಂದು ತೀರಿಕೊಂಡರು. ವಯಸ್ಸು 31. ನಾಡಿ, ಜ್ವರ, ರಕ್ತದೊತ್ತಡಗಳನ್ನು ಬೇಕಾದಷ್ಟು ಸಲ ನೋಡಿರಲಿಲ್ಲ ಎಂದು ತನಿಖೆ ಹೇಳಿತು. 2018ರಲ್ಲಿ ಆ ದೇಶದ ಜನ ಮತ ಹಾಕಿ ಆ ಕಾನೂನನ್ನೇ ಬದಲಿಸಿದರು. ನಮ್ಮ 1971ರ ಕಾಯ್ದೆಯಲ್ಲಿ ತಾಯಿಯ ಜೀವ ಉಳಿಸಲು ಯಾವ ವಾರದಲ್ಲಾದರೂ ಗರ್ಭ ತೆಗೆಯಬಹುದು, ವಯಸ್ಕಳಾದ ಆಕೆಯ ಒಪ್ಪಿಗೆ ಸಾಕು. ಗಂಡ ಬರಲಿ, ಮಾವನಿಗೆ ಫೋನ್ ಮಾಡೋಣ ಎಂದು ಬಾಗಿಲಲ್ಲಿ ಕಾಯಬೇಕಾಗಿಲ್ಲ.

ಮನೆಗೆ ಬಂದ ಮೇಲೆ ಎರಡು ವಾರದವರೆಗೆ ಸ್ವಲ್ಪ ಸ್ವಲ್ಪ ರಕ್ತ ಹೋಗಬಹುದು. ಕಬ್ಬಿಣದ ಮಾತ್ರೆ ಬಿಡಬೇಡಿ. ಮುಂದಿನ ಬಸಿರು ಎರಡು ಮೂರು ವಾರದಲ್ಲೇ ನಿಲ್ಲಬಹುದಾದ್ದರಿಂದ ಬೇಡವಾದರೆ ಮೊದಲೇ ಹೇಳಿ. ಆಸ್ಪತ್ರೆಯ ಬಿಡುಗಡೆ ಚೀಟಿ ಜೋಪಾನವಾಗಿಡಿ. ಕಾರ್ಖಾನೆಗೆ ಹೋಗುವವರಿಗೆ ಗರ್ಭಸ್ರಾವಕ್ಕೂ ಆರು ವಾರದ ಸೌಲಭ್ಯ ಕಾನೂನಿನಲ್ಲಿದೆ, ಇ.ಎಸ್.ಐ.ನಲ್ಲೂ ಇದೆ. ಅದನ್ನು ಕೇಳಲು ಈ ಚೀಟಿಯೇ ಬೇಕು. ರೈಲಿನಿಂದ ಬಂದ ಆ ತಾಯಿ ಹತ್ತೇ ದಿನಕ್ಕೆ ಕೆಲಸಕ್ಕೆ ಹೊರಟಿದ್ದರು, ಚೀಟಿ ಬರೆದುಕೊಟ್ಟು ವಾಪಸ್ಸು ಮನೆಗೆ ಕಳಿಸಿದೆ. ಒಮ್ಮೆ ನಾಳದ ಬಸಿರು ಆದವರು ಮುಂದೆ ಮುಟ್ಟು ತಪ್ಪಿದ ಕೂಡಲೇ ಮೂತ್ರ ಪರೀಕ್ಷೆ ಮಾಡಿಸಿ, ಆರನೆಯ ವಾರದಲ್ಲೇ ಸ್ಕ್ಯಾನ್‌ಗೆ ಹೋಗಿ.